ಸಂತೆ ದಿನದ ಪಾಳಿ

ಸುಮಾಳ ಕೈಯಲ್ಲಿ ಮತ್ತೆ ತಂತಿ ಕಡಿಯಿತು ಎಂಬ ಸುದ್ದಿ ಮಹೇಶ್ವರಪ್ಪನ ಕಿವಿಗೆ ಬಿದ್ದದ್ದು ಶಿರಾಳಕೊಪ್ಪದ ಬಸ್ ಸ್ಟ್ಯಾಂಡಿನ ಎದುರಿನ ಕಟಿಂಗ್ ಅಂಗಡಿಯಲ್ಲಿ. ಅರ್ಧ ಗಡ್ಡಕ್ಕೆ ಕತ್ತಿ ಆಡಿತ್ತು, ಇನ್ನರ್ಧಕ್ಕೆ ನೊರೆ ಮೆತ್ತಿತ್ತು. ಹೇಳಿದವನು ಪರಿಚಯದವನೂ ಅಲ್ಲ. ಜಡೆ ಊರಿನ ಬಸ್ಸಿಗೆ ಕಾಯುತ್ತ ನೆರಳಿಗೆಂದು ಒಳಗೆ ಬಂದು ಕೂತಿದ್ದ ಯಾರೋ ಒಬ್ಬ.

“ಗಿರಣಿ ಹಿಂದಿನ ಶೆಡ್ಡಿಗೆ ನಮ್ಮ ಜಡೆ ಹುಡುಗಿ ಒಬ್ಬಳು ಬರ್ತಾಳಂತಲ್ರೀ, ಕುರಿ ಚೌಡಪ್ಪನ ಮಗಳು? ಮುಟ್ಟಿದ್ದೆಲ್ಲ ಕಡೀತದಂತೆ. ನಿನ್ನೆ ಸಂತೇಲೂ ಅದೇ ಮಾತು. ಕೈಗುಣ ನೋಡ್ರಿ!”

ಕಟಿಂಗ್ ಅಂಗಡಿಯವನು ಕನ್ನಡಿಯೊಳಗಿಂದಲೇ ಮಹೇಶ್ವರಪ್ಪನ ಮುಖ ನೋಡಿದ. ಗಂಟಲ ಮೇಲೆ ಕತ್ತಿ ಇರುವಾಗ ಮಾತಿಗೆ ಮಾತು ಬೆಳೆಸುವ ವಯಸ್ಸು ಮಹೇಶ್ವರಪ್ಪನದಲ್ಲ. ಆದರೆ ಒಳಗೆ ಏನೋ ಚುಚ್ಚಿತು. ಶೆಡ್ಡಿನ ಒಳಗಿನ ಮಾತು ಬಸ್ಸು ಹತ್ತಲು ಹೊರಟಿದೆ ಎಂದರೆ ಇನ್ನು ಅದನ್ನು ಹಿಡಿದು ನಿಲ್ಲಿಸುವವರಿಲ್ಲ. ಮದುವೆಯಾಗದ ಹುಡುಗಿ. ಕೈಗುಣ ಸರಿಯಿಲ್ಲ ಎಂದು ಊರು ಒಮ್ಮೆ ಅಂದುಬಿಟ್ಟರೆ ಅವಳನ್ನು ಬಿತ್ತನೆಗೆ ಕರೆಯುವುದಿಲ್ಲ, ಹಾಲಿಗೆ ಹೆಪ್ಪು ಹಾಕಲು ಬಿಡುವುದಿಲ್ಲ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟಿನ ತಟ್ಟೆ ಮುಟ್ಟದೆ ಎದ್ದು ಹೋಗುತ್ತಾರೆ.

ಕೈಗುಣ ಎಂದರೇನು ಎಂದು ಮಹೇಶ್ವರಪ್ಪನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವನು ಬದುಕಿದ್ದೇ ಅದರ ಮೇಲೆ. ಬೋರ್ಡ್ ಬರೆಯುವ ಕಸುಬು ಅವನದು. ಅವನು ಮೊದಲ ಅಕ್ಷರ ಬರೆದ ಕಿರಾಣಿ ಅಂಗಡಿಗಳು ಎರಡು ಬಾಗಿಲಿನಿಂದ ನಾಲ್ಕು ಬಾಗಿಲಿಗೆ ಬೆಳೆದಿದ್ದವು. ಅದು ಅವನ ಬಣ್ಣದಿಂದಲೋ ಅಂಗಡಿಯವರ ಜಾಣತನದಿಂದಲೋ ಯಾರು ಕಂಡಿದ್ದಾರೆ? ಜನ ಮಾತ್ರ “ಮಹೇಶ್ವರಪ್ಪನ ಕೈಲಿ ಸುರು ಮಾಡಿಸ್ರಿ” ಎಂದು ಹುಡುಕಿಕೊಂಡು ಬರುತ್ತಿದ್ದರು. ಬಾವಿಗೆ ಗುದ್ದಲಿ ಹಾಕಲೂ ಕರೆಯುತ್ತಿದ್ದರು, ಹೊಸ ಟ್ರ್ಯಾಕ್ಟರಿನ ಮೇಲೆ ಹೆಸರು ಬರೆಯಲೂ ಕರೆಯುತ್ತಿದ್ದರು.

ಈಗೀಗ ಮದುವೆಗಳಲ್ಲಿ ಥರ್ಮಾಕೋಲಿನ ಅಕ್ಷರ ಬಂದಿದ್ದವು. ನೀಲಿ ಬಟ್ಟೆಯ ಮೇಲೆ ಬಿಳಿ ಅಕ್ಷರದಲ್ಲಿ ಹುಡುಗ ಹುಡುಗಿಯ ಹೆಸರು, ಅಂಚಿಗೆ ಮಿಂಚಿನ ಪುಡಿ. ಬ್ಲೇಡಿನಿಂದ ಕೊಯ್ದರೆ ಥರ್ಮಾಕೋಲ್ ಕಾಳುಕಾಳಾಗಿ ಉದುರುತ್ತದೆ. ಅದಕ್ಕೆ ರೇಡಿಯೋ ರಿಪೇರಿಯ ನಾಗರಾಜ್ ಒಂದು ಮಷಿನ್ ಮಾಡಿದ್ದ. ಹಲಗೆಯ ನಡುವೆ ಒಂದು ತೂತು, ಅದರೊಳಗಿಂದ ಮೇಲಕ್ಕೆ ಎಳೆದು ಕಟ್ಟಿದ ಸಣ್ಣ ತಂತಿ. ಇಸ್ತ್ರಿ ಪೆಟ್ಟಿಗೆಯೊಳಗೆ ಕಾಯುವ ತಂತಿಯ ಜಾತಿಯದೇ, ಆದರೆ ಕೂದಲಿನಷ್ಟು ತೆಳ್ಳಗೆ. ಹಳೇ ರೇಡಿಯೋದ ಟ್ರಾನ್ಸ್‌ಫಾರ್ಮರಿನಿಂದ ಅದಕ್ಕೆ ಕರೆಂಟು, ಫ್ಯಾನಿನ ರೆಗ್ಯುಲೇಟರು ತಿರುಗಿಸಿದರೆ ಕಾವು ಹೆಚ್ಚು ಕಡಿಮೆ. ಕಾದ ತಂತಿಗೆ ಥರ್ಮಾಕೋಲ್ ಹಾಳೆಯನ್ನು ಮೆಲ್ಲಗೆ ತಳ್ಳಿದರೆ ಬೆಣ್ಣೆಯಲ್ಲಿ ದಾರ ಎಳೆದಂತೆ ಅಕ್ಷರ ಬಿಡಿಸಿಕೊಂಡು ಬರುತ್ತಿತ್ತು. ಕಾವು ಕಡಿಮೆಯಾದರೆ ತಂತಿ ತೊಡರುತ್ತದೆ, ಹೆಚ್ಚಾದರೆ ಅಂಚು ಹುಳ ತಿಂದಂತೆ ಕರಗುತ್ತದೆ, ಇನ್ನೂ ಹೆಚ್ಚಾದರೆ ತಂತಿಯೇ ಕಡಿಯುತ್ತದೆ.

ಅಕ್ಕನಾಗಮ್ಮನ ಹಿಟ್ಟಿನ ಗಿರಣಿಯ ಹಿಂದಿನ ಶೆಡ್ಡಿನಲ್ಲಿ ಮಹೇಶ್ವರಪ್ಪ, ನಾಗರಾಜ್ ಮತ್ತು ಮದುವೆ ಮಂಟಪ ಅಲಂಕಾರ ಮಾಡುವ ಗುರುಪ್ರಕಾಶ್ ಮೂವರೂ ಸೇರಿ ಈ ಮಷಿನ್ ಇಟ್ಟುಕೊಂಡಿದ್ದರು. ನಾಲ್ಕನೆಯವಳಾಗಿ ಸುಮಾ ಬಂದಳು. ಅವಳ ತಾಯಿ ಗುಡ್ಡಮ್ಮ ಸಾಕಿದ ಟಗರುಗಳನ್ನು ಮಾರಿ ಮಗಳಿಗೆ ಒಂದು ಪಾಲು ಮಾಡಿಸಿದ್ದಳು. ಸುಮಾಳದು ಕುರಿಯ ಉಣ್ಣೆ ಕತ್ತರಿಸಿ ಹದವಾದ ಕೈ. ಕುರಿಗೆ ಗೀರು ಬೀಳದಂತೆ ಕತ್ತರಿ ಆಡಿಸಬಲ್ಲವಳಿಗೆ ಥರ್ಮಾಕೋಲ್ ಯಾವ ಲೆಕ್ಕ ಎಂದು ಮಹೇಶ್ವರಪ್ಪನೇ ಮುಂದೆ ನಿಂತು ಸೇರಿಸಿಕೊಂಡಿದ್ದ.

ವಾರದ ದಿನಗಳನ್ನು ಪಾಳಿ ಹಂಚಿಕೊಂಡಾಗ ಹೊಸಬಳಿಗೆ ಸಂತೆಯ ದಿನ ಉಳಿಯಿತು. ಅದು ಯಾರಿಗೂ ಬೇಡದ ದಿನ. ಅಂದು ಮಹೇಶ್ವರಪ್ಪ ಸಂತೆಯಲ್ಲಿ ಮನೆ ಬಾಗಿಲ ಹೆಸರಿನ ಹಲಗೆ ಹರಡಿಕೊಂಡು ಕೂರುತ್ತಿದ್ದ. ನಾಗರಾಜ್ ಮರದ ಕೆಳಗೆ ಪೆಟ್ಟಿಗೆ ಬಿಚ್ಚಿ ಹಳ್ಳಿಯವರ ಟ್ರಾನ್ಸಿಸ್ಟರ್ ರಿಪೇರಿ ಮಾಡುತ್ತಿದ್ದ. ಗುರುಪ್ರಕಾಶನಿಗೆ ಮದುವೆ ಗೊತ್ತಾದ ಮನೆಯವರು ಸಿಗುತ್ತಿದ್ದದ್ದೇ ಅಲ್ಲಿ. ಶೆಡ್ಡಿನಲ್ಲಿ ಸುಮಾ ಒಬ್ಬಳೇ.

ಅವಳೊಬ್ಬಳ ಪಾಳಿಯಲ್ಲೇ ತಂತಿ ಕಡಿಯುತ್ತಿತ್ತು.

ಗಡ್ಡ ಮುಗಿಸಿ ಮಹೇಶ್ವರಪ್ಪ ಶೆಡ್ಡಿಗೆ ಬಂದಾಗ ಪಂಚಾಯಿತಿ ಆಗಲೇ ಸುರುವಾಗಿತ್ತು. ಸುಮಾ ಮೂಲೆಯಲ್ಲಿ ಕೂತು, ಕತ್ತರಿಸಿ ಉಳಿದ ಚೂರುಗಳನ್ನು ಚೀಲಕ್ಕೆ ತುಂಬುತ್ತಿದ್ದಳು.

“ನಾನೇನು ಅವಳಿಗೆ ಹೊರಗೆ ಹೋಗು ಅನ್ನಾಕತ್ತಿಲ್ಲ,” ಎಂದ ಗುರುಪ್ರಕಾಶ್. “ಮಿಂಚು ಅಂಟಿಸಲಿ, ಬಟ್ಟೆ ಹೊಲೀಲಿ. ಮಷಿನಿಗೆ ಮಾತ್ರ ಕೂರೋದು ಬ್ಯಾಡ. ಮದುವಿ ಹೆಸರ್ರೀ ಇದು. ಅರ್ಧಕ್ಕೆ ಕಡೀತು ಅಂತ ಗೊತ್ತಾದ್ರೆ ಯಾರು ಬರ್ತಾರೆ ನಮ್ಮ ಹತ್ರ?”

“ಮಷಿನ್ ಸರಿ ಐತ್ರೀ,” ಎಂದ ನಾಗರಾಜ್. “ಬಿಚ್ಚಿ ನೋಡೀನಿ. ಸ್ಪ್ರಿಂಗ್ ಬದಲಿ ಮಾಡೀನಿ. ಇವತ್ತು ಬೆಳಗ್ಗಿಂದ ಓಡಿಸಿ ನೋಡಿದೆ, ಏನೂ ಆಗಲಿಲ್ಲ. ಒತ್ತಿ ತಳ್ತಾಳೋ ಏನೋ.”

“ಒತ್ತಲ್ಲ ನಾನು,” ಎಂದಳು ಸುಮಾ, ಚೀಲದಿಂದ ಮುಖ ಎತ್ತದೆ. “ಹೇಳಿದ್ನಲ್ಲ, ತಂತಿ ಒಮ್ಮೊಮ್ಮೆ ತಣ್ಣಗಾಗ್ತದೆ. ಸ್ವಲ್ಪ ಏರಿಸ್ತೀನಿ. ಆಮೇಲೆ ತಾನೇ ಉರಿದು ಕಡೀತದೆ.”

“ತಂತಿಗೇನು ಚಳಿಜ್ವರ ಬರ್ತದಾ, ಒಮ್ಮೆ ತಣ್ಣಗೆ ಒಮ್ಮೆ ಬಿಸಿ?” ಗುರುಪ್ರಕಾಶ್ ನಕ್ಕ. ನಾಗರಾಜನೂ ನಕ್ಕ. ಸುಮಾ ಚೀಲದ ಬಾಯಿ ಕಟ್ಟಿದಳು.

ಮಹೇಶ್ವರಪ್ಪನಿಗೆ ನಗು ಬರಲಿಲ್ಲ. ಹಾಗೆಂದು ಅವನಿಗೆ ಅವಳ ಮಾತಿನ ಮೇಲೆ ಪೂರ್ತಿ ನಂಬಿಕೆಯೂ ಇರಲಿಲ್ಲ. ಕೈಗುಣದ ಅನ್ನ ಉಂಡವನು, ಇನ್ನೊಬ್ಬರ ಕೈಯಲ್ಲಿ ಗುಣವಿಲ್ಲ ಎಂಬ ಮಾತನ್ನು ಅಷ್ಟು ಸುಲಭಕ್ಕೆ ಸುಳ್ಳೆನ್ನಲಾರ. ಅದಕ್ಕೇ ಅವನು ತನಗೆ ತಿಳಿದ ಒಂದೇ ದಾರಿ ಹಿಡಿದ.

“ಬರೋ ಸಂತೆ ದಿನ ಅವಳ ಪಾಳೀಲಿ ನಾನು ಕೂರ್ತೀನಿ. ಅವಳು ಪಕ್ಕದಲ್ಲಿ ಇರಲಿ. ಹೆಂಗೆ ತಳ್ಳಬೇಕು ಅಂತ ತೋರಿಸಿಕೊಡ್ತೀನಿ. ಆಮೇಲೆ ಮಾತು.”

ಗುರುಪ್ರಕಾಶನಿಗೆ ಅದು ಒಪ್ಪಿಗೆಯಾಯಿತು. “ಸೊರಬದ ರಾಜೇಶ್ವರಮ್ಮಾರ ಮಗಳು ಗಂಗಾಶ್ರೀ ಹೆಸರು ಐತಲ್ಲ, ಅದನ್ನ ಅವತ್ತೇ ಮಾಡಿಬಿಡ್ರಿ. ನಿಮ್ಮ ಕೈಲೇ ಆಗಬೇಕು ಅಂತ ಆಯಮ್ಮ ಹೇಳಿ ಕಳಿಸ್ಯಾರ.”

ಸಂತೆಯ ದಿನ ಮಹೇಶ್ವರಪ್ಪ ಹೆಸರಿನ ಹಲಗೆಗಳನ್ನು ಮನೆಯಲ್ಲೇ ಬಿಟ್ಟು ಶೆಡ್ಡಿಗೆ ಬಂದ. ಸುಮಾ ಆಗಲೇ ನೆಲ ಗುಡಿಸಿ, ಹೊಸ ತಂತಿ ಎಳೆದು ಕಟ್ಟಿದ್ದಳು. ಮುಂದಿನ ಗಿರಣಿ ಗುಡುಗುತ್ತಿತ್ತು. ಹಳ್ಳಿಗಳಿಂದ ಸಂತೆಗೆ ಬಂದವರೆಲ್ಲ ಜೋಳ, ಗೋಧಿ, ಮೆಣಸಿನಕಾಯಿ ತಂದು ಸರದಿಗೆ ಇಟ್ಟು ಹೋಗಿದ್ದರು. ಶೆಡ್ಡಿನ ತಗಡು ಸಣ್ಣಗೆ ನಡುಗುತ್ತಿತ್ತು.

“ಇಷ್ಟು ಸದ್ದಿನಲ್ಲಿ ಹೆಂಗೆ ಕೂರ್ತೀಯ ತಂಗಿ?”

“ಏನಂದ್ರಿ?”

“ಸದ್ದು, ಸದ್ದು!”

“ಅಯ್ಯೋ, ಆಮೇಲೆ ಕೇಳೋದೇ ಇಲ್ಲ ಅಜ್ಜಾರೆ. ಅಭ್ಯಾಸ ಆಗ್ತದೆ.”

ಅವನು ವಿಭೂತಿ ಹಚ್ಚಿದ ಹಣೆಯನ್ನು ಒಮ್ಮೆ ಮುಟ್ಟಿಕೊಂಡು ಸ್ವಿಚ್ ಹಾಕಿದ. ತಂತಿ ಕಾದ ವಾಸನೆ ಬಂತು. ಬರೆದಿಟ್ಟ ಗೆರೆಯ ಮೇಲೆ ‘ಗ’ ಸುರು ಮಾಡಿದ. ನೆತ್ತಿಯ ತಿರುವಿಗೆ ಬರುವಷ್ಟರಲ್ಲಿ ಹಾಳೆ ಮುಂದೆ ಹೋಗಲೊಲ್ಲದು. ತಂತಿ ಬಿಲ್ಲಿನಂತೆ ಬಾಗಿತು.

“ನೋಡಿ, ತಣ್ಣಗಾಯ್ತು,” ಎಂದಳು ಸುಮಾ.

ಅವನು ರೆಗ್ಯುಲೇಟರನ್ನು ಸ್ವಲ್ಪ ಏರಿಸಿದ. ಸಾಲಲಿಲ್ಲ, ಇನ್ನೂ ಸ್ವಲ್ಪ ಏರಿಸಿದ. ಈಗ ಹಾಳೆ ಹದವಾಗಿ ಸರಿಯಿತು. ತಿರುವು ದಾಟಿ ಅಕ್ಷರದ ಬಲಗಾಲಿಗೆ ಬಂದ. ಇದ್ದಕ್ಕಿದ್ದಂತೆ ತಂತಿ ಕೆಂಪಗೆ ಹೊಳೆಯಿತು. ಥರ್ಮಾಕೋಲ್ ಚುರ್ರೆಂದು ಹಿಂದೆ ಸರಿದು ಬಾಯಿ ಬಿಟ್ಟಿತು. ಟಿಣ್ ಎಂದು ತಂತಿ ಕಡಿದು, ಮೇಲಿನ ತುಂಡು ಸ್ಪ್ರಿಂಗಿಗೆ ಸುತ್ತಿಕೊಂಡಿತು.

ಮಹೇಶ್ವರಪ್ಪನ ಕೈ ಹಾಳೆಯ ಮೇಲೇ ನಿಂತುಬಿಟ್ಟಿತು. ಮದುವಣಗಿತ್ತಿಯ ಹೆಸರು. ಮೊದಲ ಅಕ್ಷರ. ಅವನ ಕೈಯಲ್ಲಿ. ಮೊದಲು ಬಂದ ಯೋಚನೆ ಏನೆಂದರೆ, ಯಾರಾದರೂ ನೋಡಿದರೇ? ಬಾಗಿಲ ಕಡೆ ತಿರುಗಿ ನೋಡಿಯೂ ನೋಡಿದ.

ಸುಮಾ ಅದನ್ನು ಕಂಡಳು.

“ನಾನು ಯಾರಿಗೂ ಹೇಳಲ್ಲ ಅಜ್ಜಾರೆ,” ಎಂದಳು. ಅಣಕವಿರಲಿಲ್ಲ ಆ ಮಾತಿನಲ್ಲಿ. “ನನ್ನ ಕೈಲೇ ಕಡೀತು ಅನ್ನಿ. ನನಗೆ ಹೆಂಗೂ ಇರೋದಕ್ಕೆ ಇದೊಂದು ಜಾಸ್ತಿ ಆಗ್ತದೆ, ಅಷ್ಟೆ.”

ಅವನಿಗೆ ಅವಳ ಮುಖ ನೋಡಲಾಗಲಿಲ್ಲ. “ಇನ್ನೊಂದು ತಂತಿ ಕೊಡು,” ಎಂದ.

ಹೊಸ ಹಾಳೆ, ಹೊಸ ತಂತಿ. ಮತ್ತೆ ತಂತಿ ತಣ್ಣಗಾಯಿತು, ಮತ್ತೆ ಅವನು ಏರಿಸಿದ. ಈ ಸಲ ‘ಗ’ ಪೂರ್ತಿಯಾಗಿ ಸೊನ್ನೆಯ ಒಳಸುತ್ತಿಗೆ ತಂತಿ ಬಿಚ್ಚಿ ಪೋಣಿಸಿ ಅರ್ಧ ಬಂದಿದ್ದ. ಟಿಣ್!

“ಏಯ್ ಮಾರಾಯಾ, ಜೋಳದ ಕಲ್ಲಿಗೆ ಮೆಣಸಿನಕಾಯಿ ಸುರೀತಿಯಲ್ಲೋ, ಯಾರಪ್ಪಂದು ಹಿಟ್ಟು ಅದು!” ಅಕ್ಕನಾಗಮ್ಮ ಆಳಿಗೆ ಬೈಯುತ್ತಿದ್ದಳು.

ಮಹೇಶ್ವರಪ್ಪ ಕಡಿದ ತಂತಿಯನ್ನು ಬೆರಳಿಗೆ ಸುತ್ತುತ್ತ ಕೂತ. ಬೈಗಳು ಒಂದೊಂದು ಅಕ್ಷರವೂ ಬಿಡಿಸಿ ಕೇಳಿಸಿತ್ತು. ಆಗಷ್ಟೇ ಅವನಿಗೆ ಹೊಳೆಯಿತು. ಪಕ್ಕದಲ್ಲಿ ಕೂತ ಹುಡುಗಿಗೇ ತನ್ನ ಮಾತು ಕೇಳದ ಕಡೆ, ಗೋಡೆಯಾಚೆಯ ಅಕ್ಕನಾಗಮ್ಮನ ಮಾತು ಹೇಗೆ ಕೇಳಿಸಿತು?

ಗಿರಣಿ ನಿಂತಿತ್ತು.

ಅವನು ಎದ್ದು ಹಿಂಬಾಗಿಲಿನಿಂದ ಗಿರಣಿಗೆ ಹೋದ. ಅಕ್ಕನಾಗಮ್ಮ ತಲೆಗೂದಲೆಲ್ಲ ಹಿಟ್ಟು ಮಾಡಿಕೊಂಡು ಕಲ್ಲು ಒರೆಸುತ್ತಿದ್ದಳು.

“ಅಕ್ಕನಾಗಮ್ಮ, ಮೊದಲು ಒಂದ್ಸಲ ನಿಲ್ಲಿಸಿದ್ಯೇನು, ಸ್ವಲ್ಪ ಹೊತ್ತಿನ ಹಿಂದೆ?”

“ಬೆಲ್ಟು ಜಾರಿತ್ರೀ. ಯಾಕೆ?”

“ಈಗ ಸುರು ಮಾಡಿ, ನಾನು ಕೂಗಿದಾಗ ನಿಲ್ಲಿಸ್ತೀಯಾ?”

“ಸಂತಿ ದಿನ ಗಿರಣಿ ನಿಲ್ಲಿಸು ಅಂತೀರಲ್ರೀ, ನಿಮಗೇನು ತಲೆ ಗಿಲೆ ತಿರುಗೇತಾ? ಹೊರಗೆ ನೋಡ್ರಿ ಚೀಲದ ಸಾಲು. ನನ್ನನ್ನೇ ಕಲ್ಲಿಗೆ ಹಾಕಿ ಬೀಸ್ತಾರೆ.”

“ಒಂದೇ ಸಲ. ನಿನ್ನ ಗಿರಣಿ ಬೋರ್ಡು ಮತ್ತೆ ಬರೆದುಕೊಡ್ತೀನಿ. ಆ ‘ಹಿಟ್ಟು’ ಅನ್ನೋದು ಮಳೆಗೆ ಅಳಿಸಿ ಹೋಗಿ ಎಷ್ಟು ದಿನ ಆಯ್ತು.”

ಬೋರ್ಡಿನ ಆಸೆಗೆ ಅಕ್ಕನಾಗಮ್ಮ ಒಪ್ಪಿದಳು. ಮಹೇಶ್ವರಪ್ಪ ಬಂದು ಮತ್ತೊಂದು ತಂತಿ ಕಟ್ಟಿಸಿದ. ಮೊದಲಿನಂತೆ ಏರಿಸಲಿಲ್ಲ, ಸುಮ್ಮನೆ ನೋಡಿದ. ಗಿರಣಿ ಗುಡುಗಿತು. ತಲೆಯ ಮೇಲಿನ ಬಲ್ಬು ಕುಂಕುಮದ ಬಣ್ಣಕ್ಕೆ ಇಳಿಯಿತು. ತಂತಿಗೆ ತಾಗಿಸಿದ ಚೂರು ಕರಗದೆ ನಿಂತಿತು. ಅವನು ಕೂಗಿದ. ಗಿರಣಿ ನಿಂತಿತು. ಬಲ್ಬು ಫಕ್ಕನೆ ಬೆಳಗಿತು, ಚೂರು ತಾನಾಗಿ ಎರಡಾಗಿ ಬಿತ್ತು.

ಸುಮಾ ಬಲ್ಬನ್ನೂ ತಂತಿಯನ್ನೂ ನೋಡುತ್ತ ನಿಂತಳು. ಆಮೇಲೆ ಗೋಡೆಗೆ ಒರಗಿ ಕೂತು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಮಹೇಶ್ವರಪ್ಪ ಹೊರಗೆ ಹೋಗಿ ಎರಡು ಚಹಾ ತಂದ.

ಸಂತೆ ಮುಗಿಸಿ ಗುರುಪ್ರಕಾಶನೊಂದಿಗೆ ಬಂದ ನಾಗರಾಜ್ ಎಲ್ಲ ಕೇಳಿ ಹಣೆ ಚಚ್ಚಿಕೊಂಡ. “ವೋಲ್ಟೇಜು! ಗಿರಣಿ ಓಡುವಾಗ ಬೀಳ್ತದೆ, ನಿಂತಾಗ ಏರ್ತದೆ. ಅದು ಬಿದ್ದಾಗ ಇವಳು ಏರಿಸಿ ಇಟ್ಟಿರ್ತಾಳೆ, ಗಿರಣಿ ನಿಂತ ಕೂಡ್ಲೆ ಡಬಲ್ ಏಟು. ಬೇರೆ ದಿನ ಗಿರಣಿ ಸಂಜೆ ಒಂದಿಷ್ಟು ಹೊತ್ತು, ಅಷ್ಟೊತ್ತಿಗೆ ನಾವು ಬಾಗಿಲು ಹಾಕಿರ್ತೀವಿ. ಸಂತೆ ದಿನ ನಾನು ಈ ಶೆಡ್ಡಿನೊಳಗೆ ಕಾಲೇ ಇಟ್ಟಿಲ್ಲಲ್ರೀ, ಹೆಂಗೆ ಗೊತ್ತಾಗ್ಬೇಕು?”

“ಅವಳು ಹೇಳಿದ್ಲು,” ಎಂದ ಮಹೇಶ್ವರಪ್ಪ. “ನೀವು ನಕ್ಕಿರಿ.”

ಗುರುಪ್ರಕಾಶ್ ಗಲ್ಲ ಕೆರೆದುಕೊಂಡ. “ಆಯ್ತು ಬಿಡ್ರಿ, ಸುಮಾ ಮಷಿನಿಗೆ ಕೂರಲಿ, ನಂದೇನೂ ಇಲ್ಲ. ಆದ್ರೆ ನಿಮ್ಮ ಕೈಲಿ ಕಡಿದದ್ದು ಮಾತ್ರ ಹೊರಗೆ ಹೋಗೋದು ಬ್ಯಾಡ. ಅದೂ ಆ ಹೆಸರು. ಬೇರೆ ದಿನ ಇನ್ನೊಂದು ಮಾಡಿಕೊಡ್ರಿ, ಮುಗೀತು. ನಿಮ್ಮ ಕೈ ಅಂದ್ರೆ ನಮ್ಮ ಶೆಡ್ಡಿನ ಬಂಡವಾಳ.”

“ಇವಳ ಕೈ?”

“ಸರಿ ಆಯ್ತಲ್ಲ ಈಗ.”

“ನಮಗೆ ಮೂವರಿಗೆ ಸರಿ ಆಯ್ತು. ಜಡೆ ಬಸ್ಸಿನಾಗೆ ಕೂತು ಹೋದವನಿಗೆ? ಅವನ ಮುಂದೆ ವೋಲ್ಟೇಜು ಅಂದ್ರೆ ಕೇಳ್ತಾನಾ? ನನ್ನ ಕೈಗೆ ಒಳ್ಳೇ ದಿನ ಇಟ್ಕೊಂಡು, ಅವಳ ಕೈಗೆ ಸಂತೆ ದಿನ ಕೊಟ್ಟಿದ್ದು ನಾವೇ ಕಣಪ್ಪ.”

ಮರುದಿನ ಬೆಳಿಗ್ಗೆ ಅವನು ಗಡ್ಡವಿಲ್ಲದಿದ್ದರೂ ಕಟಿಂಗ್ ಅಂಗಡಿಗೆ ಹೋಗಿ ಕೂತ. ಪೇಪರು ತಿರುವುತ್ತ, ಅಂಗಡಿ ತುಂಬ ಜನವಿದ್ದ ಹೊತ್ತು ನೋಡಿ ಬಾಯಿ ಬಿಟ್ಟ. “ನಿನ್ನೆ ನನ್ನ ಕೈಲೇ ಎರಡು ತಂತಿ ಕಡಿದ್ವು ನೋಡ್ರಪ್ಪ. ಆ ಹುಡುಗೀದು ಏನೂ ತಪ್ಪಿರಲಿಲ್ಲ, ಗಿರಣಿ ಕರೆಂಟಿನ ಕಾಟ.” ಕರೆಂಟಿನ ಮಾತು ಅಲ್ಲೇ ಬಿದ್ದಿರುತ್ತದೆ, ತನ್ನ ಕೈಲಿ ಕಡಿದದ್ದು ಮಾತ್ರ ಮಧ್ಯಾಹ್ನದೊಳಗೆ ನಾಲ್ಕೂ ದಿಕ್ಕಿನ ಬಸ್ಸು ಹತ್ತುತ್ತದೆ ಎಂದು ಅವನಿಗೆ ಗೊತ್ತಿತ್ತು. ಮುದುಕನ ಕೈಗೆ ಒಂದು ಮಾತು ಬಂದರೆ ಒಂದಷ್ಟು ಬೋರ್ಡು ಕೈತಪ್ಪಬಹುದು. ಹುಡುಗಿಯ ಕೈಗೆ ಬಂದರೆ ಅಷ್ಟಕ್ಕೆ ನಿಲ್ಲುವುದಿಲ್ಲ.

ಅಲ್ಲಿಂದ ನೇರ ಸೊರಬದ ಬಸ್ಸು ಹಿಡಿದ. ಬೇರೆಯವರ ಬಾಯಿಂದ ಕೇಳುವ ಮುಂಚೆ ರಾಜೇಶ್ವರಮ್ಮನಿಗೆ ತಾನೇ ಹೇಳಬೇಕಿತ್ತು.

ರಾಜೇಶ್ವರಮ್ಮ ಜಗುಲಿಯಲ್ಲಿ ಮದುವೆಯ ಅಕ್ಕಿ ಆರಿಸುವವರ ನಡುವೆ ಕೂತಿದ್ದಳು. ಕೇಳುತ್ತ ಕೇಳುತ್ತ ಅವಳ ಮುಖ ಬಿಗಿಯಿತು.

“ನನ್ನ ಮಗಳ ಹೆಸರಲ್ಲೇ ಕಡೀಬೇಕಾಗಿತ್ತಾ? ನಿಮ್ಮ ಕೈ ನಂಬಿ ಕೊಟ್ಟಿದ್ದೆ ನಾನು.”

“ಕೊಟ್ಟಿದ್ರಿ. ಅದಕ್ಕೇ ಬಂದೆ.”

“ಹೇಳದೇ ಇದ್ದಿದ್ರೆ ನನಗೆ ಗೊತ್ತಾಗ್ತಿತ್ತಾ?”

“ಇಲ್ಲ.”

“ಮತ್ತೆ ಯಾಕೆ ಹೇಳಿದ್ರಿ ಮಾರಾಯ್ರೆ? ಮದುವೆ ಮನೇಲಿ ನನ್ನ ನಿದ್ದೆ ಕೆಡ್ಸೋಕಾ?”

ಅವನು ಸುಮಾಳ ವಿಷಯ ಹೇಳಿದ. ಜೋಡಿಸಿ ಹೇಳುವ ಜಾಣತನ ಮಾಡಲಿಲ್ಲ. ಸಂತೆಯ ದಿನ, ಗಿರಣಿ, ನಕ್ಕ ಮಾತು, ಬಸ್ಸಿನ ಮಾತು, ತಾನು ಬಾಗಿಲ ಕಡೆ ತಿರುಗಿ ನೋಡಿದ್ದು, ಅವಳು ಅಂದದ್ದು, ಎಲ್ಲ. “ಈ ಹೆಸರನ್ನ ಆ ಹುಡುಗಿ ಕೈಲೇ ಮಾಡಿಸ್ರಿ ಅಂತ ಕೇಳೋಕೆ ಬಂದೆ. ಸಂತೆ ದಿನವೇ. ನೀವು ಎದುರಿಗೆ ಕೂತು. ನಿಮ್ಮಂಥೋರು ಒಪ್ಪಿದ್ರೆ ಉಳಿದೋರ ಬಾಯಿ ತಾನೇ ಮುಚ್ತದೆ.”

“ಚೆನ್ನಾಗಿದೆ! ಪರೀಕ್ಷೆ ಮಾಡೋಕೆ ನನ್ನ ಮಗಳ ಹೆಸರೇ ಬೇಕಾಯ್ತಾ?”

ಅಕ್ಕಿ ಆರಿಸುವವರ ಕೈಗಳು ನಿಂತಿದ್ದವು. ಮಹೇಶ್ವರಪ್ಪ ತಲೆ ತಗ್ಗಿಸಿದ. ಕೇಳಬಾರದ್ದನ್ನು ಕೇಳಿದೆನೇನೋ ಅನ್ನಿಸಿತು. “ಬೇಡ ಅಂದ್ರೆ ಬೇಡ ಅಮ್ಮ. ತಪ್ಪಿಲ್ಲ,” ಎಂದು ಎದ್ದ. ರಾಜೇಶ್ವರಮ್ಮ ಊಟ ಮಾಡದೆ ಹೋಗಬೇಡಿ ಎಂದಳು, ಬಡಿಸಿದಳು, ಆ ವಿಷಯ ಮತ್ತೆ ಎತ್ತಲಿಲ್ಲ.

ನಾಗರಾಜ್ ತನ್ನ ಮನೆಯ ಟೀವಿಯ ಸ್ಟೆಬಿಲೈಸರನ್ನು ಬಿಚ್ಚಿ ತಂದು ಮಷಿನಿಗೆ ಜೋಡಿಸಿದ. ಅವನ ಹೆಂಡತಿ ನೀಲಾಂಬಿಕ ಬೆನ್ನಿಗೇ ಬಂದು, ಭಾನುವಾರದೊಳಗೆ ಅದು ವಾಪಸ್ ಬರದಿದ್ದರೆ ನಿನ್ನನ್ನೇ ಟೀವಿಗೆ ಜೋಡಿಸ್ತೀನಿ ಎಂದು ಹೇಳಿ ಹೋದಳು.

ಸಂತೆಯ ದಿನ ಬಂತು. ಹೇಳಿಕೊಳ್ಳದಿದ್ದರೂ ಮೂವರೂ ಸಂತೆಗೆ ಹೋಗಲಿಲ್ಲ. ಜಡೆ ಕಡೆಯ ಹೆಂಗಸರು ಇಬ್ಬರು, ಹಿಟ್ಟಿಗೆ ಬಂದವರು, ಯಾವುದೋ ನೆಪ ಹೇಳಿ ಶೆಡ್ಡಿನ ಬಾಗಿಲಲ್ಲಿ ನಿಂತರು. ಸುಮಾ ಮಷಿನಿಗೆ ಕೂತಿರಲಿಲ್ಲ. ಥರ್ಮಾಕೋಲಿನ ಮೇಲೆ ಹೆಸರು ಬರೆದಿಟ್ಟು, ಕೈಯನ್ನು ಸೆರಗಿಗೆ ಒರೆಸುತ್ತಲೇ ಇದ್ದಳು. ಯಾರದೋ ಮಗಳ ಹೆಸರನ್ನು ಅವರ ಒಪ್ಪಿಗೆ ಇಲ್ಲದೆ ಹೇಗೆ ಕೊರೆಯುವುದು?

ಹನ್ನೊಂದರ ಬಸ್ಸು ಬಂದು ಹೋದ ಮೇಲೆ ರಾಜೇಶ್ವರಮ್ಮ ಬಂದಳು. ಜೊತೆಗೆ ಮಗಳು ಗಂಗಾಶ್ರೀ. ತಾಯಿ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು ಸುತ್ತ ನೋಡಿದಳು.

“ಯಾರು ಸುಮಾ ಅಂದ್ರೆ?”

“ನಾನೇ ಅಮ್ಮ.”

“ಬಸ್ಸಿಳಿದ ಕೂಡ್ಲೆ ನಿನ್ನ ಸುದ್ದಿನೂ ಕೇಳಿದೆ, ಇವರ ಸುದ್ದಿನೂ ಕೇಳಿದೆ. ನಾನು ಬೇಡ ಅಂತಲೇ ಇದ್ದೆ. ಇವಳು,” ಮಗಳ ಕಡೆ ಗಲ್ಲ ತಿರುಗಿಸಿದಳು, “ಜಗುಲೀಲಿ ಎಲ್ಲ ಕೇಳಿಸ್ಕೊಂಡು ಹಟ ಹಿಡಿದಳು. ಹೆಸರು ನಂದು, ನಾನು ಹೇಳಿದವರೇ ಮಾಡ್ಬೇಕು ಅಂತ.” ಗಂಗಾಶ್ರೀ ನಾಚಿ ಅಮ್ಮನ ಹಿಂದೆ ಸರಿದಳು. “ಕೂರು. ಮಾಡು.”

ಸುಮಾ ಕೂತಳು. ಸ್ವಿಚ್ ಹಾಕಿದಳು. ಮೊದಲ ತಿರುವಿಗೆ ಹಾಳೆಯನ್ನು ತೀರ ಮೆಲ್ಲಗೆ ತಳ್ಳಿದಳು. ಆಮೇಲೆ ಕೈಗೆ ಓಟ ಬಂತು. ‘ಗ’ ಬಿಡಿಸಿಕೊಂಡು ಬಂತು, ಸೊನ್ನೆ ಬಂತು. ‘ಗಾ’ ಅರ್ಧ ಆಗಿರುವಾಗ ಗೋಡೆಯಾಚೆ ಗಿರಣಿ ನಿಂತಿತು. ಎಲ್ಲರೂ ತಂತಿಯನ್ನೇ ನೋಡಿದರು. ಸ್ಟೆಬಿಲೈಸರು ಟಕ್ ಎಂದಿತು. ತಂತಿ ಹಾಗೇ ನಿಂತಿತ್ತು, ಹಾಳೆ ಹಾಗೇ ಸರಿಯುತ್ತಿತ್ತು.

‘ಶ್ರೀ’ ಬಲು ತೊಡಕಿನ ಅಕ್ಷರ. ಒತ್ತಿನ ಬಾಲ ಸ್ವಲ್ಪ ಆಚೀಚೆಯಾದರೂ ಮುರಿಯುತ್ತದೆ. ನೋಡುವ ಆತುರಕ್ಕೆ ಗುರುಪ್ರಕಾಶ್ ಒಂದು ಹೆಜ್ಜೆ ಮುಂದೆ ಬಂದ, ನಾಗರಾಜ್ ಬಗ್ಗಿದ. ಬಾಗಿಲಲ್ಲಿದ್ದ ಹೆಂಗಸರೂ ಒಳಗೆ ಬಂದರು. ಮಹೇಶ್ವರಪ್ಪ ಎಲ್ಲರಿಗಿಂತ ಹತ್ತಿರ, ಅವಳ ಹೆಗಲ ಮೇಲೆಯೇ ಬಾಗಿ ನಿಂತಿದ್ದ.

“ಅಜ್ಜಾರೆ,” ಎಂದಳು ಸುಮಾ, ತಲೆ ಎತ್ತದೆ, ಕೈ ನಿಲ್ಲಿಸದೆ. “ಬೆಳಕಿಗೆ ಅಡ್ಡ ನಿಂತೀರಿ. ಎಲ್ರೂ ಸ್ವಲ್ಪ ಆಚೆ ಸರೀರಿ, ನನಗೆ ಗೆರೆ ಕಾಣ್ತಿಲ್ಲ.”

ರಾಜೇಶ್ವರಮ್ಮ ಮೊದಲು ಸರಿದಳು. ಅವಳ ಹಿಂದೆ ಉಳಿದವರು.